ನಡುಸಾಲು ಬಿಡದಾಕೆ

ಆಕೆಯ ಕಣ್ಣಿಗೆ ಏನೂ ಆಗಿರಲಿಲ್ಲ. ಮೌಸಿನ ಗಾಲಿ ತಿರುಗಿಸಿದವಳು ನಾನು. ಮುಟ್ಟಿಲ್ಲ ಎಂದು ಸುಳ್ಳು ಹೇಳಿದವಳೂ ನಾನೇ. ಜನ ಬೇರೆ ಬೇರೆ ಹೇಳುತ್ತಾರೆ. ದೃಷ್ಟಿ ಮಂದವಾಯಿತಂತೆ, ಕೆಲಸದ ಮೇಲೆ ಲಕ್ಷ್ಯ ಇರಲಿಲ್ಲವಂತೆ, ಗಂಡನ ಬಿಟ್ಟು ಬಂದವಳ ತಲೆ ನೆಟ್ಟಗಿರುವುದಿಲ್ಲವಂತೆ. ಬಾಯಿದೆ, ಹೇಳುತ್ತಾರೆ. ನಡೆದದ್ದು ಇಷ್ಟೇ.

ಹೋದ ವಾರ ಆಕೆಗೆ ಉಡಕಿ ಆಯಿತೆಂದು ಸುದ್ದಿ ಬಂತು. ಗಂಡ ಸತ್ತವಳಿಗೋ ಬಿಟ್ಟವಳಿಗೋ ನಮ್ಮ ಕಡೆ ಮಾಡುವ ಎರಡನೆಯ ಮದುವೆಗೆ ಉಡಕಿ ಎನ್ನುತ್ತೇವೆ. ಹಂದರವಿಲ್ಲ, ಬಾಜಾ ಇಲ್ಲ, ಒಂದು ಸೀರೆ ಉಡಿಸಿ ಕಳಿಸುತ್ತಾರೆ. ಅದನ್ನು ಬೇಡವೆಂದೇ ಆಕೆ ಮೂರು ವರ್ಷ ನಮ್ಮ ಮೇಲಿನ ಖೋಲಿಯಲ್ಲಿ ಕೂತು ಕೆಲಸ ಮಾಡಿದ್ದು. ಹೆಸರು ಬರೆಯುವುದಿಲ್ಲ. ಆಕೆಯ ಹೆಸರು ಈಗಾಗಲೇ ಬೇಕಾದಷ್ಟು ಬಾಯಿಗಳಲ್ಲಿ ಓಡಾಡಿದೆ.

ನಮ್ಮ ಮನೆ ಆಳಂದದಲ್ಲಿ. ಕೆಳಗೆ ಮಗನ ಹಿಟ್ಟಿನ ಗಿರಣಿ, ಹಿಂದುಗಡೆ ನಾವು ಇರುವುದು, ಮೇಲೆ ಬಾಡಿಗೆಗೆ ಒಂದು ಖೋಲಿ. ಖೋಲಿ ನೋಡಲು ಬಂದವರೆಲ್ಲ ಮೊದಲು ನೀರಿನ ಮಾತು ಎತ್ತುತ್ತಾರೆ. ಆಕೆ ಖೋಲಿಯ ನಡುವೆ ನಿಂತು ಒಂದು ಸುತ್ತು ತಿರುಗಿ ಕೇಳಿದಳು:

"ಹೊತ್ತು ಮುಣಗೂದು ಯಾವ ಕಡಿರಿ ಆಯಿ?"

ಕಿಟಕಿ ತೋರಿಸಿದೆ. ಆಗಲೇ ಅಲ್ಲಿದ್ದ ಮೇಜನ್ನು ತಾನೇ ಎಳೆದು ಬಾಜೂ ಗೋಡೆಗೆ ತಿರುಗಿಸಿದಳು. ಲ್ಯಾಪ್‌ಟಾಪಿನ ಸ್ಕ್ರೀನಿಗೆ ಬಿಸಿಲು ಬೀಳಬಾರದಂತೆ.

"ಗಿರಣಿ ಸದ್ದು ಆಗತದ ನೋಡು, ಮುಂದ ತಕರಾರು ತಗೀಬ್ಯಾಡ," ಎಂದೆ.

"ಆಗಲಿ ಬಿಡ್ರಿ. ಮಂದಿ ಮಾತು ಕೇಳೂದು ತಪ್ಪತದ."

ಜೇವರ್ಗಿಯವಳು. ಮಣ್ಣೂರಿಗೆ ಕೊಟ್ಟಿದ್ದರು, ಎರಡೇ ವರ್ಷಕ್ಕೆ ಬಿಟ್ಟು ಬಂದಳು. ಯಾಕೆಂದು ನಾನು ಕೇಳಲಿಲ್ಲ. ಮಕ್ಕಳು ಅದಾವೇನು ಎಂದು ಕೇಳಿದೆ, ಇಲ್ಲರಿ ಎಂದಳು, ಅಲ್ಲಿಗೆ ಮುಗಿಯಿತು. ತಂದೆತಾಯಿ ಇಲ್ಲ, ಅಣ್ಣನದೇ ಕಾರಭಾರು. ಆ ಅಣ್ಣ ಖೋಲಿ ನೋಡಲು ಒಮ್ಮೆ ಬಂದವನು ನನ್ನ ಎದುರಿಗೇ ಹೇಳಿದ: "ನೌಕರಿ ಇರೂತನ ಇಲ್ಲಿರು. ನೌಕರಿ ಹೋದ ದಿನಾ ನಾ ಗಾಡಿ ತರ್ತೇನಿ. ಆಮ್ಯಾಲ ನಾ ತೋರಿಸಿದಂವಗ ಹೂಂ ಅನಬೇಕು." ಆಕೆ ಹೂಂ ಎಂದಳು. ಆ ಒಂದು ಕರಾರಿನ ಮೇಲೆ ಆಕೆಯ ಬಾಳು ನಿಂತಿತ್ತು. ಅದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವ ದಾರಿ ನನಗಿಲ್ಲ.

ಕೆಲಸ ಏನೆಂದರೆ, ಕಲಬುರಗಿಯ ಒಂದು ಸಣ್ಣ ಕಂಪನಿಗೆ ಮನೆಯಲ್ಲೇ ಕೂತು ಕೋಡ್ ಬರೆಯುವುದು. ಮಧ್ಯಾಹ್ನ ಕೆಳಗೆ ಗಿರಣಿಯ ಕಾವು ತಡೆಯಲಾಗದೆ ನಾನು ಕೌದಿ ಹೊಲಿಯಲು ಮೇಲೆ ಹೋಗಿ ಆಕೆಯ ಬಾಗಿಲ ಬಳಿ ಕೂಡುತ್ತಿದ್ದೆ. ಹಳೆ ಸೀರೆಯ ತುಂಡು ಜೋಡಿಸುತ್ತ ಆಗೀಗ ಕತ್ತೆತ್ತಿ ಸ್ಕ್ರೀನು ನೋಡುತ್ತಿದ್ದೆ.

"ಅದೇನು ಬೇ, ಇರವಿ ಸಾಲು ಹೊಂಟಂಗ ಹೊಂಟಾವ?"

"ರೈತರ ಫೋನಿಗೆ ಮೆಸೇಜ್ ಹೋಗತಾವಲ್ರಿ, ಯಾವ ಊರವರು ಯಾವ ದಿನಾ ಖರೀದಿ ಕೇಂದ್ರಕ್ಕ ತೊಗರಿ ತರಬೇಕು ಅಂತ. ಅದನ್ನ ಹ್ಯಾಂಗ ಕಳಸಬೇಕು ಅಂತ ಮಶೀನಿಗೆ ಬರದು ಹೇಳೂದು."

"ಮಶೀನಿಗೆ ಹೇಳಿದ್ರ ಕೇಳತದೇನು?"

"ಕೇಳತದ್ರಿ. ಹೇಳಿದ್ದು ಅಷ್ಟ ಕೇಳತದ. ಮನಿಶ್ಯಾರಗಿಂತ ಭೇಷ್."

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆ ಅಕ್ಷರ ನನಗೆ ಬರುವುದಿಲ್ಲ. ಆದರೆ ಕೆಲಸ ಮಾಡುವವರ ಕೈ ನೋಡಿದರೆ ಕೆಲಸ ತಿಳಿಯುತ್ತದೆ. ಕೋಡ್ ಬರೆಯುವವರು ಸಾಲಿನ ಮೇಲೆ ಸಾಲು ಬರೆಯುತ್ತ ಸ್ಕ್ರೀನಿನ ತಳಕ್ಕೆ ಇಳಿಯುತ್ತಾರೆ, ತಳ ಮುಟ್ಟಿದ ಮೇಲೆ ಹಾಳೆ ಮೇಲೆ ಸರಿಯುತ್ತದೆ. ಆಕೆ ಅದನ್ನು ಒಪ್ಪುತ್ತಿರಲಿಲ್ಲ. ತಾನು ಬರೆಯುವ ಸಾಲು ಸದಾ ಸ್ಕ್ರೀನಿನ ನಟ್ಟನಡುವೆಯೇ ನಿಲ್ಲುವಂತೆ ಮಾಡಿಕೊಂಡಿದ್ದಳು. ಆ ಸಾಲು ಮಬ್ಬಾಗಿ ಹೊಳೆಯುತ್ತಿತ್ತು. ಸಾಲು ಅಲ್ಲಾಡುತ್ತಿರಲಿಲ್ಲ, ಉಳಿದದ್ದೆಲ್ಲ ಅದರ ಮೇಲೆ ಕೆಳಗೆ ಸರಿಯುತ್ತಿತ್ತು.

"ಹೊಲಿಗಿ ಮಶೀನ್ ಇದ್ದಂಗ್ರಿ ಆಯಿ. ಸೂಜಿ ಇದ್ದಲ್ಲೇ ಇರಬೇಕು, ಅರಿವಿ ಸರೀಬೇಕು."

"ಕೌದ್ಯಾಗ ಅರಿವಿ ಬಿದ್ದಿರತದ, ಕೈ ನಡೀತದ. ಅದೇ ಚಲೋ."

"ನಿಮ್ಮ ಕೌದಿ ಎಷ್ಟುದ್ದ ಅದರಿ? ನಾಕು ಮಳ. ನಂದು ಇಲ್ಲಿಂದ ಹಿರೋಳ್ಳಿ ಊರತನ ಅದ. ಕೈ ನಡಕೋತ ಹೋದ್ರ ಹೊತ್ತು ಮುಣಗೂದರಾಗ ತಿರುಗಿ ಬರತದೇನು?"

ಈ ಜಗಳ ಮೂರು ವರ್ಷ ನಡೆಯಿತು. ಯಾರೂ ಗೆಲ್ಲಲಿಲ್ಲ.

ಅಕ್ಷರಕ್ಕಿಂತ ಆಕಾರ ನೋಡುತ್ತಿದ್ದಳು. ಸಾಲುಗಳು ಎಡ ಅಂಚಿನಿಂದ ಒಳಗೊಳಗೆ ಸರಿದು ಬಾವಿಯ ಪಾವಟಿಗೆಯ ಹಾಗೆ ಇಳಿಯುತ್ತವೆ, ಮತ್ತೆ ಹೊರಗೆ ಬರುತ್ತವೆ, ನಡುವೆ ಒಂದು ಖಾಲಿ ಸಾಲು. ಆ ಇಳಿಜಾರು ನೋಡಿಯೇ ತಾನೆಲ್ಲಿದ್ದೇನೆಂದು ತಿಳಿಯುತ್ತಿತ್ತಂತೆ. ಬಲ ಅಂಚಿಗೆ ಒಂದು ಸಣ್ಣ ಪಟ್ಟಿ ಇತ್ತು, ಪೂರಾ ಕೋಡ್ ಅದರಲ್ಲಿ ಸಾಸಿವೆ ಚೆಲ್ಲಿದಂತೆ ಕಾಣುತ್ತಿತ್ತು. "ಮಾಳಗಿ ಮ್ಯಾಲ ಒಣಗಾಕಿದ ಕೌದಿ ಓಣ್ಯಾಗ ನಿಂತು ನೋಡಿದಂಗ," ಎಂದು ನನಗೆ ತಿಳಿಸಿ ಹೇಳಿದಳು. ನನ್ನ ಭಾಷೆಯಲ್ಲಿ ಹೇಳುವ ತಾಳ್ಮೆ ಆಕೆಗಿತ್ತು. ನನ್ನ ಸೊಸೆಗಿಲ್ಲ.

ಒಮ್ಮೆ ಕಂಪನಿಯ ಹಿರಿಯನೊಬ್ಬ, ಆಕೆಯ ಸಾಹೇಬ, ಕಲಬುರಗಿಯಲ್ಲೇ ಕೂತು ಆಕೆಯ ಸ್ಕ್ರೀನಿನಲ್ಲಿ ಕೈಹಾಕಿ ಏನನ್ನೋ ತೋರಿಸಲು ಹೋದ. ಅಕ್ಷರಗಳು ಮೇಲೆ ಕೆಳಗೆ ಸರ್ರನೆ ಓಡಿದವು. ಆಕೆ ಎರಡೂ ಕೈಯಿಂದ ಮೇಜು ಹಿಡಿದುಕೊಂಡು ಕಣ್ಣು ಮುಚ್ಚಿದಳು.

"ಏನಾತು ಬೇ?"

"ಬಸ್‌ಸ್ಟ್ಯಾಂಡಿನಾಗ ನಿಂತ ಬಸ್ಸಿನಾಗ ಕುಂತಿರತೇವಲ್ರಿ ಆಯಿ, ಬಾಜೂದ ಬಸ್ ಹೊಂಟ್ರ ನಮ್ಮದೇ ಹೊಂಟಂಗ ಆಗತದಲ್ಲ, ಹಂಗ. ಯಾರರ ಸರಿಸಿದ್ರ ನಾ ಎಲ್ಲಿದೇನಿ ಅನ್ನೂದ ತಿಳೀದಂಗ ಆಗತದ."

ಯಾರಾದರೂ ಸರಿಸಿದರೆ. ಈ ಮಾತು ನಾನು ಕಿವಿಯಾರೆ ಕೇಳಿದ್ದೆ.

ಮೊದಮೊದಲು ಎದ್ದು ಹೋಗುವಾಗ ಆಕೆಗೊಂದು ರೂಢಿಯಿತ್ತು. ಪ್ರತಿ ಸಾಲಿಗೂ ಎಡಗಡೆ ನಂಬರ್ ಇರುತ್ತದೆ. ತಾನಿದ್ದ ಸಾಲಿನ ನಂಬರನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಮೆಟ್ಟಿಲಿಳಿಯುತ್ತಿದ್ದಳು. ನಾಕನೂರಾ ಹನ್ನೆರಡು, ನಾಕನೂರಾ ಹನ್ನೆರಡು. ನಳದ ನೀರು ಹಿಡಿಯುವಾಗಲೂ ಅದೇ ಜಪ. ನಡುವೆ ಮಾತಾಡಿಸಿದರೆ ಕೈಸನ್ನೆಯಿಂದ ತಡೆಯುತ್ತಿದ್ದಳು. ಎದುರು ಮನೆಯಲ್ಲಿ ಒಬ್ಬ ರಿಟೈರಾದ ಜವಾನ, ಮಟಕಾದ ಹುಚ್ಚಿನವನು. ಆರು ತಿಂಗಳು ಈ ನಂಬರ್ ಕೇಳಿಸಿಕೊಂಡು ಒಂದು ದಿನ ಜಗಳಕ್ಕೇ ಬಂದ.

"ಏ ಬಾಯಿ, ದಿನಾ ಒಂದು ನಂಬರ್ ಹೇಳ್ತಿ, ಒಂದರ ಬರಬಾರದೇನ ಅದು? ನಿನ್ನ ನಂಬಿ ನಾ ಪೂರಾ ಬರಬಾದ್ ಆದೆ!"

"ಕಾಕಾ, ಅದು ನಾ ಕುಂತ ಜಾಗಾದ ನಂಬರ್ರಿ."

"ಕುಂತ ಜಾಗಾಕ್ಕ ಎಲ್ಲೀ ನಂಬರ್? ನೀ ಏನ್ ಸಿನಿಮಾ ಟಾಕೀಸಿನಾಗ ಕುಂತೀಯೇನು?"

ನಾನು ಅವನಿಗೆ, "ನಿನ್ನ ಮಟಕಾದಾಗ ಮಣ್ಣ ಬೀಳಲಿ, ಹೋಗೋ," ಎಂದು ಬೈದು ಕಳಿಸಿದೆ. ಓಣಿ ತುಂಬ ನಗು. ಆದರೆ ಆವತ್ತು ಸಂಜೆ ಆಕೆಗೂ ಹೇಳಿದೆ: "ಬಾಯಿ ಮುಚಗೊಂಡು ಇಳಿ ಬೇ ಇನ್ನ ಮ್ಯಾಲ. ಒಂಟಿ ಹೆಣಮಗಳು ತನ್ನಷ್ಟಕ್ಕ ತಾ ಮಾತಾಡಿದ್ರ ಮಂದಿ ಏನಂತಾರ?" ಆಕೆ ನನ್ನ ಮಾತು ಕೇಳಿದಳು. ಜಪ ಬಿಟ್ಟಳು. "ಇರಲಿ ಬಿಡ್ರಿ, ಬಿಟ್ಟಲ್ಲೇ ನಿಂತಿರತದ ಮಶೀನು. ನಾವು ಮುಟ್ಟದಿದ್ರ ಎಲ್ಲಿ ಹೋಗತದ?" ಎಂದಳು. ಹೀಗೆ ಆಕೆಯ ಕೈಲಿದ್ದ ಒಂದು ಹಗ್ಗವನ್ನು ನಾನೇ ಬಿಡಿಸಿದೆ.

ಮೂರು ತಾಲೂಕಿನ ತೊಗರಿ ಮೆಸೇಜು ಆಕೆಯದೇ ಜವಾಬ್ದಾರಿ. ಮೇಲೆ ಆಳಂದದ್ದು, ಅದರ ಕೆಳಗೆ ಅಫಜಲಪುರದ್ದು, ಎಲ್ಲಕ್ಕಿಂತ ಕೆಳಗೆ ಜೇವರ್ಗಿಯದು. ಮೂರಕ್ಕೂ ಮೂರು ಕಟ್ಟು ಕೋಡ್, ಒಂದೊಂದೂ ಸ್ಕ್ರೀನಿಗಿಂತ ಉದ್ದ, ಒಂದೇ ನಮೂನೆ, ಒಂದೇ ಇಳಿಜಾರು. ತಾಲೂಕಿನ ಹೆಸರು ಮೊದಲ ಸಾಲಿನಲ್ಲಿ ಮಾತ್ರ. ಸ್ವಲ್ಪ ಕೆಳಗಿಳಿದರೆ ಆ ಸಾಲು ಮೇಲೆ ಹೋಗಿ ಮರೆಯಾಗುತ್ತದೆ. ಆಮೇಲೆ ಯಾವುದು ಯಾವುದೆಂದು ದೇವರಿಗೇ ಗೊತ್ತು.

"ಒಂದೇ ನಮೂನಿ ಮೂರು ಮನಿ ಕಟ್ಟಿ ಬಾಗಲಾ ಮುಚ್ಚಿದಂಗ ಅದರಿ ಇದು," ಎನ್ನುತ್ತಿದ್ದಳು. ಮೂರನ್ನೂ ಕೂಡಿಸಿ ಒಂದು ಮಾಡುತ್ತೇನೆಂದು ಸಾಹೇಬನನ್ನು ಕೇಳಿದಳು. ನಡೆಯುವುದನ್ನು ಮುಟ್ಟಬೇಡ ಎಂದ. ಕೋಡ್ ಬರೆಯಲು ಹೊಸ ಎಡಿಟರ್ ಸಾಫ್ಟ್‌ವೇರು ಹಾಕಿಕೊಡಿ, ಅದರಲ್ಲಿ ಎಷ್ಟು ಕೆಳಗೆ ಹೋದರೂ ಕಟ್ಟಿನ ಹೆಸರು ನೆತ್ತಿಯ ಮೇಲೆ ಅಂಟಿಕೊಂಡು ನಿಲ್ಲುತ್ತದೆ ಎಂದು ಕೇಳಿದಳು. "ಅವೆಲ್ಲ ಶೋಕಿ," ಎಂದ. ಲ್ಯಾಪ್‌ಟಾಪು ಕಂಪನಿಯದು, ಅವನು ಹೂಂ ಎನ್ನದೆ ಏನೂ ಹಾಕುವಂತಿಲ್ಲ. ಅವನ ಪಾಲು ಅವನಿಗೆ ಇರಲಿ. ನನ್ನದರಲ್ಲಿ ಅದನ್ನು ಕಳೆಯುವುದಿಲ್ಲ.

ಆವತ್ತು ಸೋಮವಾರ. ಜೇವರ್ಗಿಯ ತೂಕದ ಕಾಟಾ ಕೆಟ್ಟಿತ್ತು. ಮಂಗಳವಾರ ಬರಬೇಕಾದ ಜೇವರ್ಗಿ ರೈತರಿಗೆ ಗುರುವಾರ ಬನ್ನಿ ಎಂದು ಮೆಸೇಜು ಹೋಗಬೇಕಿತ್ತು. ಅಫಜಲಪುರದವರಿಗೂ ಮಂಗಳವಾರವೇ ಇತ್ತು, ಅದು ಹಾಗೆಯೇ ಇರಬೇಕು. ಗುರುವಾರ ಅಲ್ಲಿ ರಜೆ. ಬದಲಾಯಿಸಬೇಕಾದದ್ದು ಒಂದೇ ಸಾಲು, ಜೇವರ್ಗಿ ಕಟ್ಟಿನದು. ಆ ಸಾಲನ್ನು ಹುಡುಕಿ ನಡುವೆ ತಂದು ನಿಲ್ಲಿಸಿದ್ದಳು. ಅಷ್ಟರಲ್ಲಿ ಅಣ್ಣನ ಫೋನು. ಗಿರಣಿ ಸದ್ದಿಗೆ ಒಳಗೆ ಕೇಳುವುದಿಲ್ಲವೆಂದು ಮಾಳಿಗೆಗೆ ಹೋದಳು.

ನಾನು ಬಾಗಿಲಲ್ಲಿ ಕೂತಿದ್ದೆ. ಅಂದು ಬೆಳಗಿನಿಂದ ಜೋಳ ಬೀಸುತ್ತಿದ್ದರು, ಹಿಟ್ಟು ಮೆಟ್ಟಿಲು ಹತ್ತಿ ಬಂದು ಎಲ್ಲದರ ಮೇಲೆ ಕೂತಿತ್ತು. ಮೇಜಿನ ಮೇಲೆ ಹಿಟ್ಟು, ಮೌಸಿನ ಮೇಲೆ ಹಿಟ್ಟು, ಅದರ ನಡುವಿನ ಸಣ್ಣ ಗಾಲಿಯ ಹಲ್ಲುಗಳಲ್ಲೂ ಹಿಟ್ಟು. ನನಗೆ ಧೂಳು ಕಂಡರೆ ಕೈ ಸುಮ್ಮನಿರುವುದಿಲ್ಲ. ಎದ್ದು ಹೋಗಿ ಸೆರಗಿನ ಚುಂಗಿನಿಂದ ಮೇಜು ಒರೆಸಿದೆ, ಮೌಸು ಒರೆಸಿದೆ, ಗಾಲಿಗೆ ಚುಂಗು ಒತ್ತಿ ತಿಕ್ಕಿದೆ. ಸ್ಕ್ರೀನಿನ ಮೇಲೆ ಅಕ್ಷರಗಳು ಹಲ್ಲಿಗಳಂತೆ ಓಡಿದವು. ಕೈ ತೆಗೆದೆ. ಓಟ ನಿಂತಿತು. ನೋಡಿದರೆ ಮೊದಲಿದ್ದ ಹಾಗೆಯೇ ಇತ್ತು. ಅದೇ ಇಳಿಜಾರು, ಅದೇ ಖಾಲಿ ಸಾಲು. ಸದ್ಯ, ತಾನೇ ತಿರುಗಿ ಬಂದಿತು ಎಂದುಕೊಂಡು ನನ್ನ ಜಾಗಕ್ಕೆ ಬಂದು ಸೂಜಿ ಹಿಡಿದೆ.

ಬಂದದ್ದು ಅದಲ್ಲ. ಅದರಂಥದ್ದೇ ಇನ್ನೊಂದು.

ಆಕೆ ಮಾಳಿಗೆಯಿಂದ ಇಳಿದು ಬಂದಾಗ ಮುಖ ಕೆಂಪಗಿತ್ತು. "ಯಾವನೋ ಹೆಣ್ತಿ ಸತ್ತಂವ ಅದಾನಂತ್ರಿ. ನನ್ನ ಫೋಟೋ ಕೊಟ್ಟಾನಂತ ಅಣ್ಣ," ಎಂದಳು. ಕೂತಳು. ನಡುವಿನ ಸಾಲಿನ ಮೇಲೆ ಮೌಸು ಒತ್ತಿದಳು. ಮಂಗಳವಾರ ಅಳಿಸಿ ಗುರುವಾರ ಬರೆದಳು. ಕಳಿಸಿದಳು. ಮಬ್ಬಾಗಿ ಹೊಳೆಯುವ ಸಾಲು ಆಕೆ ಬಂದಾಗ ಅಲ್ಲಿ ಇರಲಿಲ್ಲ, ನೋಡಬೇಕಿತ್ತು. ಬಲಗಡೆ ಪಟ್ಟಿ ನೋಡಿದ್ದರೂ ತಿಳಿಯುತ್ತಿತ್ತು. ನೋಡಲಿಲ್ಲ. ಅಷ್ಟು ತಪ್ಪು ಆಕೆಯದು. ಸಾಹೇಬನೂ ಒಮ್ಮೆ ನೋಡಿ ಒಪ್ಪಿಗೆ ಕೊಟ್ಟಮೇಲೆಯೇ ಅದು ಮುಂದೆ ಹೋಗುವುದು. ಅವನು ಎಲ್ಲೋ ಊಟಕ್ಕೆ ಹೋದವನು ಫೋನಿನಲ್ಲೇ ನೋಡಿ ಓಕೆ ಒತ್ತಿದ. ಅವನಿಗೂ ಕಂಡದ್ದು ನಾಲ್ಕು ಸಾಲು, ಮೇಲೆ ಹೆಸರಿಲ್ಲ.

ಮಂಗಳವಾರ ಜೇವರ್ಗಿಯವರು ಕೆಟ್ಟ ಕಾಟಾದ ಮುಂದೆ ಬಂದು ನಿಂತರು, ಕಾಟಾಕ್ಕೇ ಬೈದು ತಿರುಗಿ ಹೋದರು. ಗುರುವಾರ ಅತನೂರು, ಮಣ್ಣೂರುಗಳಿಂದ ಟ್ರ್ಯಾಕ್ಟರುಗಳು ತೊಗರಿ ಚೀಲ ಹೇರಿಕೊಂಡು ಅಫಜಲಪುರಕ್ಕೆ ಬಂದವು. ಖರೀದಿ ಕೇಂದ್ರದ ಗೇಟಿಗೆ ಬೀಗ. ದಿನವಿಡೀ ಬಿಸಿಲಲ್ಲಿ ನಿಂತ ಜನ ಗೇಟಿಗೆ ಕಲ್ಲು ಹೊಡೆದರು. ಬೈಗುಳ ಕಲಬುರಗಿಗೆ ಹೋಯಿತು, ಅಲ್ಲಿಂದ ತಿರುಗಿ ನಮ್ಮ ಖೋಲಿಗೆ ಬಂತು. ಸಾಹೇಬ ಸ್ಕ್ರೀನಿನಲ್ಲೇ ಮುಖ ತೋರಿಸಿ ಕೂಗಾಡಿದ.

"ಕಣ್ಣು ಕಾಣಸೂದಿಲ್ಲೇನಮ್ಮಾ ನಿಮಗ? ಜೇವರ್ಗಿ ಯಾವುದು, ಅಫಜಲಪುರ ಯಾವುದು, ಓದಾಕ ಬರೂದಿಲ್ಲೇನು?"

ಆಕೆ ತಡೆದು ತಡೆದು, "ಸರ್, ನಾ ಜೇವರ್ಗಿದ್ರಾಗೇ ಇದ್ದೆರಿ. ಪಕ್ಕಾ ಇದ್ದೆ," ಎಂದಳು.

"ಇದ್ದ್ರ ಅದು ತಾನ ನಡಕೋತ ಹೋತೇನು?"

ಸಾಹೇಬನ ಮುಖ ಸ್ಕ್ರೀನಿನಿಂದ ಹೋಯಿತು. ಆಮೇಲೆ ನನ್ನ ಕಡೆ ತಿರುಗಿದಳು. ಅನುಮಾನದಿಂದ ಅಲ್ಲ, ಆಸೆಯಿಂದ ಕೇಳಿದಳು. ಅದೇ ನನ್ನನ್ನು ಈಗಲೂ ಸುಡುತ್ತದೆ.

"ಆಯಿ, ಆವತ್ತು ನಾ ಮಾಳಗಿಗೆ ಹೋದಾಗ ನೀವೇನರ ಮುಟ್ಟಿದ್ರೇನ್ರಿ? ಬೈಯೂದಿಲ್ಲ, ಹೇಳ್ರಿ."

"ನಾ ಯಾಕ ಮುಟ್ಟಲಿ ಬೇ? ನನಗೇನು ತಿಳೀತದ ಅದರಾಗ?"

ಬಾಯಿಂದ ತಾನಾಗಿ ಬಂತು. ಸೊಸೆಯಾಗಿ ಬಂದ ಮನೆಯಲ್ಲಿ ಕಲಿತ ವಿದ್ಯೆ ಅದು. ಗಡಿಗೆ ಒಡೆದ ಸದ್ದು ಕೇಳಿದ ಕೂಡಲೇ ಮೊದಲು ನಾನಲ್ಲ ಎನ್ನಬೇಕು, ಯಾರು ಒಡೆದರೆಂದು ಆಮೇಲೆ ನೋಡಬೇಕು. ಅತ್ತೆ ಸತ್ತು ಎಷ್ಟೋ ಕಾಲವಾಯಿತು, ಆ ವಿದ್ಯೆ ಸತ್ತಿರಲಿಲ್ಲ. ಒಂದು ಗಳಿಗೆಯ ನಂತರ ನಿಜ ಹೇಳಬಹುದಿತ್ತು. ಆ ಗಳಿಗೆ ಹೋಯಿತು. ಮರುದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎನ್ನುತ್ತಾಳೆ ಎಂದು ಅಂಜಿದೆ. ಹೀಗೆ ದಿನಗಳು ಒಂದರ ಮೇಲೊಂದು ಕೂತವು.

ಆಕೆ ನನ್ನನ್ನು ನಂಬಿದಳು. ನನ್ನನ್ನು ನಂಬಿದ್ದಕ್ಕೆ ತನ್ನ ಕಣ್ಣನ್ನು ನಂಬುವುದು ಬಿಟ್ಟಳು.

ಕೆಲಸದಿಂದ ಆಗಲೇ ತೆಗೆಯಲಿಲ್ಲ. ಹದಿನೈದು ದಿನ ನೋಡುತ್ತೇವೆ ಎಂದರು. ಮೊದಲಿನಂತೆ ಇದ್ದಿದ್ದರೆ ಹದಿನೈದು ದಿನ ಹೂ ಎತ್ತಿದಂತೆ ದಾಟುತ್ತಿದ್ದಳು. ಈಗ ಪ್ರತಿ ಸಾಲಿನ ಮೇಲೆ ಬೆರಳಿಟ್ಟು ಒಂದನೇ ಇಯತ್ತೆ ಕೂಸಿನಂತೆ ಓದತೊಡಗಿದಳು. ಓದಿ ಮುಗಿಸಿ ಮೇಲೆ ಹೋಗಿ ಹೆಸರು ನೋಡಿ ಬರುತ್ತಿದ್ದಳು. ಬಂದಮೇಲೆ ಮತ್ತೆ ಅನುಮಾನ, ಮತ್ತೆ ಮೇಲೆ. ಸ್ಕ್ರೀನಿನ ತುಂಬ ಬೆರಳಚ್ಚು. ಒಂದು ತಾಸಿನ ಕೆಲಸಕ್ಕೆ ಒಂದು ದಿನ ಹಿಡಿಯಿತು.

"ಆಯಿ, ಈ ಸಾಲು ನಡುವ ಅದ ಹೌದಲ್ರಿ? ಕೆಳಗ ಜಾರಿದಂಗ ಕಾಣತದೇನು?"

"ನಡುವೇ ಅದ ಬೇ."

"ನನಗ ಜಾರಿದಂಗ ಕಾಣಾಕತ್ತೇದ."

ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದವಳು ನಾನು. ಹೌದು, ಅದನ್ನೂ ಬರೆಯುತ್ತೇನೆ. ನಾನೇ ಜೊತೆಗೆ ಕಲಬುರಗಿಗೆ ಹೋದೆ. ಡಾಕ್ಟರು ಹನಿ ಹಾಕಿ, ದೀಪ ಬಿಟ್ಟು, ಅಕ್ಷರ ಓದಿಸಿ, "ಕಣ್ಣು ಭಾಳ ಚಲೋ ಅದಾವ, ಏನೂ ಆಗಿಲ್ಲ," ಎಂದರು.

"ಹಂಗಾರ ತಲಿಗೆ ಏನರ ಆಗ್ಯದೇನ್ರಿ?" ಎಂದು ಕೇಳಿದಳು.

ಡಾಕ್ಟರು ನಕ್ಕರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ, ಬಾಯಲ್ಲಿ ನಾಲಿಗೆ ಇತ್ತು. ತಿರುಗಿ ಬರುವಾಗ ಹನಿಯ ಮಬ್ಬಿಗೆ ಆಕೆಗೆ ಬಸ್ಸಿನ ಮೆಟ್ಟಿಲು ಕಾಣಲಿಲ್ಲ, ಕೈಹಿಡಿದು ಇಳಿಸಿದೆ. ಕಂಡಕ್ಟರ್, "ಮಗಳನ್ನ ಭಾಳ ಜತನ ಮಾಡ್ತೀರಿ ಬಿಡ್ರಿ ಅಮ್ಮಾ," ಎಂದ. ಹೂಂ ಎಂದೆ.

ಹದಿನಾರನೆಯ ದಿನ ಕೆಲಸ ಹೋಯಿತು. ನಿಧಾನ ಆಗುತ್ತಿದೆ ಎಂದು ಕಾರಣ ಹೇಳಿದರು. ಹದಿನೆಂಟನೆಯ ದಿನ ಅಣ್ಣ ಗಾಡಿ ತಂದ. ಮಾತಿಗೆ ತಪ್ಪದ ಮನುಷ್ಯ. ಗಂಟು ಕಟ್ಟಿದಳು, ಖೋಲಿ ಗುಡಿಸಿದಳು, ಕೀಲಿ ನನ್ನ ಕೈಗೆ ಕೊಟ್ಟಳು. ಅಣ್ಣ ಕೆಳಗೆ ಹಾರ್ನು ಒತ್ತುತ್ತಿದ್ದ.

"ಗಂಡನ ಮನ್ಯಾಗ ಎರಡು ವರ್ಷ ಎಲ್ಲಿ ನಿಂತೇನಿ ಅನ್ನೂದ ತಿಳೀಲಿಲ್ಲರಿ ಆಯಿ. ಇಲ್ಲಿ ತಿಳಿದಿತ್ತು ಅನಕೊಂಡಿದ್ದೆ. ಅದೂ ಸುಳ್ಳಾತು."

ಆಗಲೂ ನಾನು ಹೇಳಲಿಲ್ಲ. ಹೇಳಿದ್ದರೆ ಕೆಲಸ ತಿರುಗಿ ಬರುತ್ತಿತ್ತೋ ಇಲ್ಲವೋ, ಕಂಪನಿಯ ಮಶೀನು ಪರರ ಕೈಗೆ ಬಿಟ್ಟೆಯೆಂದು ಅದಕ್ಕೂ ತೆಗೆಯುತ್ತಿದ್ದರೇನೋ. ಆದರೆ ತನ್ನ ಕಣ್ಣು ತನಗೆ ಉಳಿಯುತ್ತಿತ್ತು. ಕಣ್ಣಿನ ಮೇಲೆ ಭರವಸೆ ಇದ್ದರೆ ಇನ್ನೊಂದು ಕಂಪನಿಯ ಬಾಗಿಲು ತಟ್ಟುತ್ತಿದ್ದಳು. ಅಂಥ ಹೆಣ್ಣು ಅದು. "ದೇವರು ನೋಡತಾನ ಹೋಗು," ಎಂದು ಕಳಿಸಿದೆ. ಬಾಯಿಗೆ ಬೇರೆ ಏನೂ ಬರದಾಗ ದೇವರು ಬರುತ್ತಾನೆ.

ಹೋದ ವಾರ ಸುದ್ದಿ ಕೊಟ್ಟವಳು ಜೇವರ್ಗಿಗೆ ಕೊಟ್ಟ ನನ್ನ ತಂಗಿಯ ಮಗಳು. ಸಂಜೆ ಫೋನು ಮಾಡಿದ್ದಳು.

"ನಿಮ್ಮ ಮ್ಯಾಲಿನ ಖೋಲ್ಯಾಗ ಇದ್ದಳಲ್ಲ ದೊಡ್ಡವ್ವಾ, ಆಕಿದು ಉಡಕಿ ಆತು. ಇಲ್ಲೇ ಜೇವರ್ಗ್ಯಾಗ. ಗಂಡಗ ಐವತ್ತು ದಾಟ್ಯಾವ, ದೊಡ್ಡ ದೊಡ್ಡ ಎರಡು ಮಕ್ಕಳು."

"ಅಂಥಾ ಕಲತಾಕಿಗಿ ಅಂಥಾ ಮುದುಕನ್ಯಾಕ ನೋಡಿದ್ರು?"

"ಕಣ್ಣಿನ ಐಬು ಅದ ಅಂತಲ್ಲ ಆಕಿಗಿ? ಅದಕ್ಕ ನೌಕರಿ ಹೋತಂತ. ಆಕಿನೇ ಹೇಳ್ತಾಳ, ನನ್ನ ಕಣ್ಣು ನೆಟ್ಟಗಿಲ್ಲ ಅಂತ. ಐಬಿನ ಹೆಣ್ಣಿಗಿ ಮತ್ತ್ಯಾರು ಸಿಗಬೇಕು?"

ಫೋನು ಇಟ್ಟೆ. ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕಲಬುರಗಿಗೆ ಹೋದೆ, ಅಲ್ಲಿಂದ ಬಸ್ಸು ಬದಲಿಸಿ ಭೀಮೆ ದಾಟಿ ಜೇವರ್ಗಿಗೆ ಹೋದೆ. ಮಗನಿಗೆ ಹೇಳಲಿಲ್ಲ. ಮನೆ ಕೇಳಿಕೊಂಡು ಹೋದಾಗ ಆಕೆ ಅಂಗಳದ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಿದಳು. ಏಳಲಿಲ್ಲ. ನಾನು ಚಪ್ಪಲಿ ಬಿಟ್ಟು ಎದುರಿಗೆ ನೆಲದ ಮೇಲೆ ಕೂತೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

"ಆವತ್ತು ಮೌಸಿನ ಮ್ಯಾಲ ಹಿಟ್ಟು ಕುಂತಿತ್ತು. ಒರಸಿದೆ. ಗಾಲಿ ತಿರುಗಿತು. ನೀ ಕೇಳಿದಾಗ ಮುಟ್ಟಿಲ್ಲ ಅಂದೆ. ಸುಳ್ಳು ಹೇಳಿದೆ. ನಿನ್ನ ಕಣ್ಣು ಚಲೋ ಅದಾವ."

ಒಲೆಯ ಮೇಲಿನ ರೊಟ್ಟಿ ಕರಿಯಾಗತೊಡಗಿತು. ತೆಗೆಯಲಿಲ್ಲ. ಹಿಟ್ಟಿನ ಕೈಯನ್ನು ಎದುರಿಗೆ ಗಾಳಿಯಲ್ಲಿ ಎತ್ತಿ, ನನಗೆ ಕಾಣದ ಯಾವುದನ್ನೋ ಮೆಲ್ಲಗೆ ಕೆಳಗೆ ಎಳೆದು ಬಿಟ್ಟಳು.

"ಜೇವರ್ಗಿದು ತಳಕ್ಕ," ಎಂದಳು. ನನಗೆ ಹೇಳಿದ್ದಲ್ಲ. "ಅಫಜಲಪುರ ಅದರ ಮ್ಯಾಲ. ಹಂಗಾರ ಗಾಲಿ ಮ್ಯಾಲಕ್ಕ ತಿರಿಗ್ಯದ."

"ಹೌದಿರಬೇಕು. ನನಗ ತಿಳೀಲಿಲ್ಲ."

ಆಕೆ ಕರಿಯಾದ ರೊಟ್ಟಿ ತೆಗೆದು ಪಕ್ಕಕ್ಕೆ ಎಸೆದು, ಇನ್ನೊಂದು ಹಿಟ್ಟಿನ ಮುದ್ದೆ ತೆಗೆದುಕೊಂಡು ಬಡಿಯತೊಡಗಿದಳು. ನೀರು ಕೊಡಲಿಲ್ಲ. ನನ್ನ ಮುಖವನ್ನಂತೂ ಮತ್ತೆ ನೋಡಲೇ ಇಲ್ಲ.

ಒಳಗಿಂದ ಗಂಡನ ದನಿ ಬಂತು.

"ಯಾರ ಬಂದಾರ?"

"ಯಾರೂ ಇಲ್ಲರಿ," ಎಂದಳು.

ಎದ್ದು ಚಪ್ಪಲಿ ಮೆಟ್ಟಿಕೊಂಡೆ.